ನಮ್ಮ ಹೊಳೆಯೋ, ಹೊಸ ನೀರೋ? ಗಾಳ ಹಾಕುವವರಿಗೆ ಒಂದು ಮಾರ್ಗದರ್ಶಿ

ಬಿಡುವಿನ ದಿನ ಬೆಳಗಿನ ಜಾವ ಎದ್ದು, ರಾಡು ಮತ್ತು ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಂತಾಗ ಗಾಳ ಹಾಕುವವರಿಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಇವತ್ತೂ ಅದೇ ಹೊಳೆಗೆ ಹೋಗೋದಾ, ಇಲ್ಲ ಬಹಳ ದಿನದಿಂದ ಮನಸ್ಸಿನಲ್ಲೇ ಇರುವ ಆ ಬೇರೆ ನದಿಗೆ ಹೋಗೋದಾ? ನಮ್ಮ ಹೊಳೆಯಲ್ಲಿ ಯಾವ ಮರದ ಕೆಳಗೆ ಮಡು ಇದೆ, ಯಾವ ಬಂಡೆಗೆ ದಾರ ಸಿಕ್ಕಿಕೊಳ್ಳುತ್ತದೆ, ಎಲ್ಲಾ ಗೊತ್ತು. ಹೊಸ ನದಿಯಲ್ಲಿ ಏನೂ ಗೊತ್ತಿಲ್ಲ. ಬರಿಗೈಲಿ ವಾಪಸ್ ಬರುವ ಸಂಭವವೇ ಜಾಸ್ತಿ. ಆದರೂ ಮನಸ್ಸು ಅತ್ತ ಎಳೆಯುತ್ತದೆ, ಅಲ್ವಾ?

ನಾನು ಬಹಳ ವರ್ಷ ಒಂದೇ ಹೊಳೆಯಲ್ಲಿ ಗಾಳ ಹಾಕಿದೆ. ಮೀನು ಚೆನ್ನಾಗಿ ಸಿಗುತ್ತಿತ್ತು. ಹಾಗಾಗಿ ನನಗೆ ನೀರು ಓದುವುದಕ್ಕೆ ಬರುತ್ತದೆ ಅಂದುಕೊಂಡಿದ್ದೆ. ಮೊದಲ ಸಲ ಬೇರೆ ನದಿಯ ದಡದಲ್ಲಿ ನಿಂತಾಗ ಗೊತ್ತಾಯಿತು, ನನಗೆ ಗೊತ್ತಿದ್ದದ್ದು ಜಾಗಗಳು. ಆ ಜಾಗದಲ್ಲೇ ಮೀನು ಯಾಕೆ ನಿಲ್ಲುತ್ತದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಮುಂದೆ ಹೇಳುವುದೆಲ್ಲ ಈ 'ಯಾಕೆ' ಸುತ್ತಲೇ ಇದೆ. ಅದನ್ನು ನಮ್ಮ ಹೊಳೆಯಲ್ಲಿ ಕಲಿಯಬೇಕು, ಹೊಸ ನೀರಿನಲ್ಲಿ ಒರೆಗೆ ಹಚ್ಚಬೇಕು, ಆಮೇಲೆ ವಾಪಸ್ ಬಂದು ನಮ್ಮ ಹೊಳೆಯನ್ನು ಇನ್ನೊಂದು ಸಲ ನೋಡಬೇಕು.

ಮೊದಲು ದಿನ ನೋಡಿ, ಆಮೇಲೆ ನದಿ

ಕೈಯಲ್ಲಿ ಎರಡು ಮೂರು ಗಂಟೆ ಮಾತ್ರ ಇದ್ದರೆ ನಮ್ಮ ಹೊಳೆಗೇ ಹೋಗಿ. ಹೊಸ ನೀರನ್ನು ಅರ್ಥ ಮಾಡಿಕೊಳ್ಳುವುದಕ್ಕೇ ಅಷ್ಟು ಹೊತ್ತು ಬೇಕು. ಗಾಳ ಬಿಡುವಷ್ಟರಲ್ಲಿ ಹೊರಡುವ ಸಮಯ ಆಗಿರುತ್ತದೆ.

ಜೋರು ಮಳೆ ಬಂದು ನೀರು ಏರುತ್ತಿದ್ದರೂ ಅಷ್ಟೇ. ಕೆಂಪು ನೀರಿನಲ್ಲಿ ಮೀನು ವೇಗದ ಹರಿವು ಬಿಟ್ಟು ದಡದ ನಿಧಾನದ ನೀರಿಗೆ ಸರಿಯುತ್ತದೆ. ಆ ನಿಧಾನದ ನೀರು ಎಲ್ಲಿದೆ, ಎಲ್ಲಿ ದಡ ಕುಸಿಯುತ್ತದೆ ಅನ್ನೋದು ನಿಮಗೆ ನಿಮ್ಮ ಹೊಳೆಯಲ್ಲಿ ಮಾತ್ರ ಗೊತ್ತು. ಹೊಸ ರಾಡು, ಹೊಸ ರೀಲು, ಹೊಸ ಎರೆ ಪರೀಕ್ಷೆ ಮಾಡಬೇಕಿದ್ದರೂ ನಮ್ಮ ಹೊಳೆಯೇ ಸರಿ. ನೀರೂ ಹೊಸದು, ಸಾಮಾನೂ ಹೊಸದು ಆದರೆ ಮೀನು ಕಚ್ಚದೇ ಹೋದಾಗ ತಪ್ಪು ಯಾವುದರದ್ದು ಅಂತ ಗೊತ್ತೇ ಆಗುವುದಿಲ್ಲ.

ಹೊಸ ನೀರಿಗೆ ಇಡೀ ದಿನ ಬೇಕು. ಮೂರು ನಾಲ್ಕು ದಿನದಿಂದ ನೀರಿನ ಮಟ್ಟ ಒಂದೇ ಸಮ ಇರಬೇಕು, ನೀರು ತಿಳಿಯಾಗಿರಬೇಕು, ಜೊತೆಗೆ ಒಬ್ಬರು ಇದ್ದರೆ ಇನ್ನೂ ಒಳ್ಳೆಯದು. ನನ್ನ ಲೆಕ್ಕ ಸರಳ: ನಾಲ್ಕು ಸಲ ಹೊರಟರೆ ಮೂರು ಸಲ ನಮ್ಮ ಹೊಳೆ, ಒಂದು ಸಲ ಹೊಸದು. ಕಲಿಯುವ ಹಂತದಲ್ಲಿ ಇರುವವರು ಪ್ರತಿ ವಾರ ಹೊಸ ನದಿ ಹುಡುಕಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಯಾವ ನೀರೂ ಒಂದೇ ಭೇಟಿಯಲ್ಲಿ ಮೈದೆರೆಯುವುದಿಲ್ಲ.

ನಮ್ಮ ಹೊಳೆಯನ್ನು ನಿಜವಾಗಿ ತಿಳಿಯುವುದು

ಮೊದಲ ಕೆಲಸ: ವರ್ಷದಲ್ಲಿ ನೀರು ಅತಿ ಕಡಿಮೆ ಇರುವ ದಿನ ರಾಡು ಇಲ್ಲದೆ ಹೊಳೆಗೆ ಹೋಗಿ. ಸುಮ್ನೆ ನಡೆಯಿರಿ. ತುಂಬಿ ಹರಿಯುವಾಗ ಕಾಣದ ಎಲ್ಲವೂ ಆಗ ಕಾಣುತ್ತದೆ. ಬಂಡೆಗಳ ಸಾಲು, ಮುಳುಗಿದ ಮರದ ಬೇರು, ದಡದ ಕೆಳಗೆ ನೀರು ಕೊರೆದ ಪೊಟರೆ, ಮರಳಿನ ನಡುವೆ ಸಣ್ಣ ಕಾಲುವೆಯ ಹಾಗೆ ಹೋಗಿರುವ ಆಳದ ದಾರಿ. ಒಂದೊಂದು ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ. ದಡದ ಒಂದು ಮರವೋ ಕಲ್ಲೋ ಚಿತ್ರದಲ್ಲಿ ಬರುವ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ನೀರು ತುಂಬಿದ ಮೇಲೆ ಯಾವ ಫೋಟೋ ಎಲ್ಲಿಯದು ಅಂತ ತಿಳಿಯುವುದಿಲ್ಲ.

ಎರಡನೆಯದು, ನೀರಿನ ಮಟ್ಟಕ್ಕೆ ನಿಮ್ಮದೇ ಒಂದು ಗುರುತು. ಸೇತುವೆಯ ಕಂಬ ಆಗಬಹುದು, ಅಲ್ಲಾಡದ ಒಂದು ಬಂಡೆ ಆಗಬಹುದು. ಹೋದಾಗಲೆಲ್ಲ ಆ ಬಂಡೆ ಎಷ್ಟು ಮುಳುಗಿದೆ ಅಂತ ಬರೆದಿಡಿ. 'ಬಂಡೆಯ ನೆತ್ತಿ ಒಂದು ಗೇಣು ಮೇಲಿತ್ತು' ಅಂದರೆ ಸಾಕು. ಇಂಥ ಮಟ್ಟದಲ್ಲಿ ಇಂಥ ಮಡುವಿನಲ್ಲಿ ಮೀನು ಕಚ್ಚುತ್ತದೆ ಅನ್ನುವ ಸಂಬಂಧ ಒಂದು ವರ್ಷದೊಳಗೆ ತಾನಾಗಿಯೇ ಕಾಣತೊಡಗುತ್ತದೆ.

ಮೂರನೆಯದು ಥರ್ಮಾಮೀಟರ್. ಬಹಳ ಜನ ಇದನ್ನು ಇಟ್ಟುಕೊಳ್ಳುವುದೇ ಇಲ್ಲ. ನನ್ನ ಪ್ರಕಾರ ಚೀಲದಲ್ಲಿರುವ ದುಬಾರಿ ಸಾಮಾನುಗಳಿಗಿಂತ ಇದು ಜಾಸ್ತಿ ಹೇಳುತ್ತದೆ. ಕಾರಣ ಇದು: ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಇರುವ ಸಿಹಿನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 20 ಡಿಗ್ರಿಗೆ ಅದು ಸುಮಾರು 9ಕ್ಕೆ ಇಳಿಯುತ್ತದೆ. 30 ಡಿಗ್ರಿಗೆ ಏಳೂವರೆ. ಅತ್ತ ನೀರು ಬಿಸಿಯಾದ ಹಾಗೆ ಮೀನಿನ ಮೈಗೆ ಬೇಕಾಗುವ ಆಮ್ಲಜನಕ ಏರುತ್ತದೆ. ಎರಡೂ ಸೇರಿ ಮೀನಿಗೆ ಕಷ್ಟವಾಗುತ್ತದೆ. ಆಗ ಅದು ಕಲ್ಲುಗಳ ಮೇಲೆ ನೀರು ನೊರೆಯಾಗಿ ಬೀಳುವ ಜಾಗದ ಬುಡಕ್ಕೋ, ನೆರಳಿಗೋ, ತಣ್ಣನೆಯ ಊಟೆ ಬಂದು ಸೇರುವ ಮೂಲೆಗೋ ಹೋಗುತ್ತದೆ. ಬಿಸಿಲಿನ ಮಧ್ಯಾಹ್ನ ನಿಂತ ಮಡುವಿನಲ್ಲಿ ಗಂಟೆಗಟ್ಟಲೆ ಕೂತು ಎದ್ದು ಬಂದವರಿಗೆ ಇದೇ ಉತ್ತರ. ಟ್ರೌಟ್ ತರಹದ ತಣ್ಣೀರಿನ ಮೀನಿರುವ ಕಡೆ ನೀರು 20 ಡಿಗ್ರಿ ದಾಟಿದರೆ ಗಾಳ ಎತ್ತಿಡುವುದೇ ಸರಿ. ಹಿಡಿದು ಬಿಟ್ಟರೂ ಆ ಮೀನು ಚೇತರಿಸಿಕೊಳ್ಳುವುದು ಕಷ್ಟ. ಕಾರ್ಪ್ ಜಾತಿಯ ಮೀನುಗಳು ಇದಕ್ಕಿಂತ ಬಿಸಿ ನೀರನ್ನು ಚೆನ್ನಾಗಿ ತಡೆಯುತ್ತವೆ.

ಆಮೇಲೆ ಪುಸ್ತಕ. ದಿನ, ಹೊತ್ತು, ನೀರಿನ ಮಟ್ಟ, ಎಷ್ಟು ಡಿಗ್ರಿ, ತಿಳಿಯೋ ಕದಡೋ, ಎಲ್ಲಿ, ಯಾವ ಎರೆ, ಎಷ್ಟು ಆಳ. ಏನೂ ಸಿಗದ ದಿನವನ್ನೂ ಬರೆಯಿರಿ. ಸಿಕ್ಕ ದಿನಗಳನ್ನಷ್ಟೇ ಬರೆದರೆ ಎಲ್ಲಾ ಎರೆಯೂ ಒಳ್ಳೆಯದೇ ಅನ್ನಿಸುತ್ತದೆ. ಕೊನೆಯಲ್ಲಿ ಒಂದು ಸಾಲು ಬಿಟ್ಟು 'ಯಾಕೆ ಇಲ್ಲಿ?' ಅಂತ ಬರೆದು ನಿಮಗೆ ತೋಚಿದ ಕಾರಣ ಹಾಕಿ. ತಪ್ಪಿದ್ದರೂ ಪರವಾಗಿಲ್ಲ, ಮುಂದೆ ತಿದ್ದಬಹುದು.

ಕಾರಣ ಹುಡುಕುವಾಗ ಮೂರು ವಿಷಯ ನೆನಪಿರಲಿ. ಮೀನಿಗೆ ಉಸಿರಾಡಲು ಒಳ್ಳೆಯ ನೀರು ಬೇಕು, ತಿನ್ನಲು ಬೇಕು, ಹೆದರಿದರೆ ಅಡಗಲು ಜಾಗ ಬೇಕು. ಇದೆಲ್ಲ ಕಮ್ಮಿ ಶ್ರಮದಲ್ಲಿ ಸಿಗಬೇಕು. ನದಿಯ ತಳದಲ್ಲಿ ಕಲ್ಲು ಮಣ್ಣಿನ ತಿಕ್ಕಾಟದಿಂದ ನೀರು ಮೇಲ್ಮೈಗಿಂತ ನಿಧಾನ ಹರಿಯುತ್ತದೆ. ಮೇಲೆ ರಭಸ ಕಾಣುವ ಕಡೆಯೂ ತಳದಲ್ಲಿ ಮೀನು ಆರಾಮವಾಗಿ ನಿಂತಿರಬಹುದು. ಬಂಡೆಯ ಹಿಂದೆ ನಿಧಾನದ ನೀರು ಇರುತ್ತದೆ ಅಂತ ಎಲ್ಲರಿಗೂ ಗೊತ್ತು. ಬಂಡೆಯ ಮುಂದೆಯೂ ನೀರು ಬಡಿದು ತಡೆದು ನಿಲ್ಲುವ ಒಂದು ಸಣ್ಣ ಜಾಗ ಇರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ವೇಗದ ನೀರು ಮತ್ತು ನಿಧಾನದ ನೀರು ಪಕ್ಕಪಕ್ಕ ಹರಿಯುವ ಗೆರೆ. ನಿಧಾನದ ನೀರಿನಲ್ಲಿ ನಿಂತು, ವೇಗದ ನೀರು ಹೊತ್ತು ತರುವ ಊಟವನ್ನು ಚೂರು ಪಕ್ಕಕ್ಕೆ ಬಂದು ಹಿಡಿದರೆ ಮೀನಿಗೆ ಕೆಲಸ ಮುಗಿಯಿತು. ತೇಲುವ ಎಲೆ, ನೊರೆ ಎಲ್ಲಿ ಸಾಲಾಗಿ ಹೋಗುತ್ತದೋ ನೋಡಿ, ಆ ಗೆರೆ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಅಭ್ಯಾಸ ಇದೆ. ಇದನ್ನು ಬಿಡಲೇಬೇಡಿ. ತಿಂಗಳಿಗೆ ಒಂದು ದಿನ ನಿಮ್ಮ ಮಾಮೂಲು ಜಾಗಗಳಿಗೆ ಗಾಳ ಹಾಕುವುದಿಲ್ಲ ಅಂತ ನಿಶ್ಚಯ ಮಾಡಿ. ಅದೇ ಹೊಳೆ, ಆದರೆ ಯಾವತ್ತೂ ನಿಲ್ಲದ ಕಡೆ ಮಾತ್ರ. ಹೊಸ ನದಿಗೆ ಹೋಗುವ ಮೊದಲು ಇಷ್ಟು ಮಾಡಿದರೆ ನಿಮಗೆ ಜಾಗ ಗೊತ್ತೋ, ನೀರು ಗೊತ್ತೋ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ.

ಹೊಸ ನೀರನ್ನು ಮನೆಯಲ್ಲೇ ಕೂತು ಆರಿಸುವುದು

ಮೊದಲ ಹೊಸ ನದಿ ನಿಮ್ಮ ಹೊಳೆಗೆ ಹತ್ತಿರದ ಸ್ವಭಾವದ್ದಾಗಿರಲಿ. ಸಣ್ಣ ಕಲ್ಲು ಹೊಳೆಯಲ್ಲಿ ಕಲಿತವರು ನೇರವಾಗಿ ಅರ್ಧ ಕಿಲೋಮೀಟರ್ ಅಗಲದ ನದಿಗೆ ಹೋದರೆ ಕಲಿತ ಯಾವುದೂ ಉಪಯೋಗಕ್ಕೆ ಬಂದ ಹಾಗೆ ಕಾಣುವುದಿಲ್ಲ, ಮನಸ್ಸು ಕುಗ್ಗುತ್ತದೆ. ಅಗಲವೋ, ತಳವೋ, ಮೀನಿನ ಜಾತಿಯೋ, ಒಂದು ಬದಲಾಗಲಿ. ಉಳಿದದ್ದು ಗೊತ್ತಿರುವಂಥದ್ದೇ ಇರಲಿ.

ಆಮೇಲೆ ನಕ್ಷೆ ತೆಗೆಯಿರಿ. ಉಪಗ್ರಹ ಚಿತ್ರದಲ್ಲಿ ನದಿಯ ತಿರುವುಗಳನ್ನು ನೋಡಿ. ತಿರುವಿನ ಹೊರ ಅಂಚಿನಲ್ಲಿ ನೀರು ರಭಸವಾಗಿ ದಡ ಕೊರೆಯುತ್ತದೆ, ಅಲ್ಲಿ ಆಳ. ಒಳ ಅಂಚಿನಲ್ಲಿ ಮರಳು ಕೂರುತ್ತದೆ, ಅಲ್ಲಿ ತೆಳು ನೀರು. ಎತ್ತರ ತೋರಿಸುವ ನಕ್ಷೆ ಸಿಕ್ಕರೆ ಗೆರೆಗಳು ಒತ್ತೊತ್ತಾಗಿ ನದಿಯನ್ನು ದಾಟುವ ಕಡೆ ನೀರು ಕಲ್ಲಿನ ಮೇಲೆ ಧುಮುಕುತ್ತಿರುತ್ತದೆ. ಗೆರೆಗಳು ದೂರ ದೂರ ಇರುವ ಕಡೆ ನಿಧಾನದ ಹರಿವು. ಗೂಗಲ್ ಅರ್ತ್‌ನಲ್ಲಿ ಹಳೆಯ ಚಿತ್ರಗಳನ್ನೂ ನೋಡಬಹುದು. ನೀರು ಬತ್ತಿದ ತಿಂಗಳ ಚಿತ್ರ ಹುಡುಕಿ. ನಿಮ್ಮ ಹೊಳೆಯಲ್ಲಿ ನಡೆದು ನೋಡಿದ್ದನ್ನು ಇಲ್ಲಿ ಕೂತೇ ನೋಡಿದ ಹಾಗೆ. ಕೊನೆಗೂ ನೀರು ಉಳಿದುಕೊಂಡ ಕಡುಬಣ್ಣದ ಜಾಗಗಳೇ ಆಳದ ಮಡುಗಳು. ಅವನ್ನು ಗುರುತು ಹಾಕಿಕೊಳ್ಳಿ.

ನದಿಗಳ ಬಗ್ಗೆ ಅಧ್ಯಯನ ಮಾಡುವವರು ಗಮನಿಸಿರುವ ಒಂದು ಲೆಕ್ಕ ಇಲ್ಲಿ ಬಹಳ ಉಪಯೋಗ. ಸಣ್ಣ ಕಲ್ಲು, ಗರಸಿನ ತಳದ ನದಿಗಳಲ್ಲಿ ಒಂದು ಮಡುವಿನಿಂದ ಮುಂದಿನ ಮಡುವಿಗೆ ಇರುವ ದೂರ ಸಾಮಾನ್ಯವಾಗಿ ನದಿಯ ಅಗಲದ 5ರಿಂದ 7 ಪಟ್ಟು. ಅಂದರೆ 20 ಮೀಟರ್ ಅಗಲದ ನದಿಯಲ್ಲಿ ಒಂದು ಮಡು ಸಿಕ್ಕರೆ, 100ರಿಂದ 140 ಮೀಟರ್ ನಡೆದರೆ ಇನ್ನೊಂದು ಸಿಗುವ ಸಂಭವ ಇದೆ. ಬಂಡೆ, ಒಡ್ಡು, ಅಣೆಕಟ್ಟು ಇದ್ದ ಕಡೆ ಈ ಲೆಕ್ಕ ತಪ್ಪುತ್ತದೆ. ಆದರೂ ಗೊತ್ತಿಲ್ಲದ ದಡದಲ್ಲಿ ಎಷ್ಟು ದೂರ ನಡೆಯಬೇಕು ಅನ್ನುವುದಕ್ಕೆ ಒಂದು ಅಂದಾಜು ಸಿಗುತ್ತದೆ.

ಎರಡು ನದಿ ಕೂಡುವ ಕಡೆಯನ್ನೂ ಗುರುತಿಸಿಕೊಳ್ಳಿ. ಎರಡರ ನೀರೂ ಕೂಡಲೇ ಬೆರೆಯುವುದಿಲ್ಲ, ಸ್ವಲ್ಪ ದೂರ ಬಣ್ಣ ಬೇರೆ ಬೇರೆಯಾಗಿಯೇ ಹರಿಯುತ್ತವೆ. ಮೇಲೆ ಹೇಳಿದ ಗೆರೆ ಅಲ್ಲಿ ಉದ್ದಕ್ಕೂ ಇರುತ್ತದೆ.

ಹೊರಡುವ ಮೊದಲು ನಿಯಮ ತಿಳಿದುಕೊಳ್ಳಿ. ಅಲ್ಲಿ ಗಾಳ ಹಾಕಲು ಪರವಾನಗಿ ಬೇಕಾ, ಮೀನು ಮೊಟ್ಟೆ ಇಡುವ ಕಾಲದಲ್ಲಿ ನಿಷೇಧ ಇದೆಯಾ, ದಡ ಯಾರದ್ದಾದರೂ ಸ್ವಂತ ಜಮೀನಾ. ಇದನ್ನು ದಡಕ್ಕೆ ಹೋದ ಮೇಲೆ ಕೇಳುವುದು ತಡವಾಯಿತು. ದಡದವರನ್ನು ಕೇಳಬೇಕಾದದ್ದು ಬೇರೆಯೇ ಇದೆ. 'ಮೀನು ಎಲ್ಲಿ ಸಿಗುತ್ತೆ?' ಅಂದರೆ ಯಾರೂ ಸರಿಯಾಗಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. 'ಮಳೆ ಬಂದರೆ ಇಲ್ಲಿ ನೀರು ಎಷ್ಟು ಬೇಗ ಏರುತ್ತೆ? ಮೇಲೆ ಅಣೆಕಟ್ಟು ಇದೆಯಾ? ಎಲ್ಲಿ ಇಳಿಯಬಾರದು?' ಅಂತ ಕೇಳಿ. ಇಂಥ ಪ್ರಶ್ನೆಗೆ ಜನ ಖುಷಿಯಿಂದ ಉತ್ತರ ಕೊಡುತ್ತಾರೆ, ಮಾತು ಮುಂದುವರಿದರೆ ಮೀನಿನ ವಿಷಯವೂ ಬರುತ್ತದೆ.

ಮೊದಲ ಭೇಟಿ

ದಡಕ್ಕೆ ಹೋದ ಕೂಡಲೇ ಗಾಳ ಹಾಕಬೇಡಿ. ಅರ್ಧ ಗಂಟೆ ರಾಡು ಚೀಲದಲ್ಲೇ ಇರಲಿ. ಇದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅಷ್ಟು ದೂರ ಬಂದು ನೀರು ನೋಡಿದ ಮೇಲೆ ಕೈ ಸುಮ್ಮನಿರುವುದಿಲ್ಲ. ಆದರೂ ಕೂತು ನೋಡಿ, ಆ ಅರ್ಧ ಗಂಟೆ ಇಡೀ ದಿನವನ್ನು ಉಳಿಸುತ್ತದೆ.

ಸ್ವಲ್ಪ ಎತ್ತರದ, ಹಿಂದೆ ಮರವೋ ಪೊದೆಯೋ ಇರುವ ಜಾಗ ಆರಿಸಿ. ಪೋಲರಾಯ್ಡ್ ಕನ್ನಡಕ ಇದ್ದರೆ ನೀರಿನ ಮೇಲಿನ ಹೊಳಪು ಕಡಿಮೆಯಾಗಿ ಒಳಗಿನದು ಕಾಣುತ್ತದೆ. ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿದರೆ ಕೆಲವು ಸಲ ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ ತಳ ನಿಜಕ್ಕಿಂತ ಮೇಲಿರುವ ಹಾಗೆ ಕಾಣುತ್ತದೆ. ನೇರ ಮೇಲಿಂದ ನೋಡಿ 3 ಅಡಿ ಅನ್ನಿಸಿದ ನೀರು 4 ಅಡಿ ಇರುತ್ತದೆ. ಓರೆಯಾಗಿ ನೋಡಿದರೆ ಮೋಸ ಇನ್ನೂ ಜಾಸ್ತಿ. ಎರೆ ಎಷ್ಟು ಆಳಕ್ಕೆ ಬಿಡಬೇಕು ಅನ್ನುವಾಗಲೂ, ಕಾಲಿಡಬಹುದಾ ಅನ್ನುವಾಗಲೂ ಇದು ಲೆಕ್ಕಕ್ಕೆ ಬರುತ್ತದೆ.

ಹಕ್ಕಿಗಳನ್ನು ನೋಡಿ. ಮಿಂಚುಳ್ಳಿ ಮತ್ತೆ ಮತ್ತೆ ಒಂದೇ ಕೊಂಬೆಗೆ ಬಂದು ಕೂರುತ್ತಿದ್ದರೆ ಅದರ ಕೆಳಗೆ ಸಣ್ಣ ಮೀನುಗಳ ಗುಂಪು ಇದೆ. ಸಣ್ಣ ಮೀನು ಇದ್ದ ಕಡೆ ದೊಡ್ಡದು ದೂರ ಇರುವುದಿಲ್ಲ. ನೀರಿನ ಮೇಲೆ ಉಂಗುರ ಏಳುವ ಕಡೆ, ತಳದಿಂದ ಗುಳ್ಳೆ ಸಾಲಾಗಿ ಬರುವ ಕಡೆ, ಕೆಸರು ಮೋಡದ ಹಾಗೆ ಎದ್ದ ಕಡೆ ಕಣ್ಣಿಡಿ. ಆಮೇಲೆ ತೆಳು ನೀರಿನಲ್ಲಿ ಎರಡು ಮೂರು ಕಲ್ಲು ಮಗುಚಿ ಅಡಿಯಲ್ಲಿ ಯಾವ ಹುಳು ಅಂಟಿಕೊಂಡಿದೆ ನೋಡಿ. ಅಲ್ಲಿಯ ಮೀನು ದಿನವೂ ತಿನ್ನುವುದು ಅದನ್ನೇ. ಅದರ ಗಾತ್ರ, ಬಣ್ಣಕ್ಕೆ ಹತ್ತಿರದ ಎರೆ ಹಾಕಿ. ಕಲ್ಲನ್ನು ಇದ್ದ ಹಾಗೇ ವಾಪಸ್ ಇಡಿ, ಅದು ಆ ಹುಳುಗಳ ಮನೆ.

ಈಗ ರಾಡು ತೆಗೆಯಬಹುದು. ಆದರೆ ಗಾಳ ಕಟ್ಟದೆ, ದಾರ ಮುಳುಗಿಸಲು ಕಟ್ಟುವ ತೂಕದ ಗುಂಡನ್ನು, ಅಂದರೆ ಬರೀ ಸೀಸ ಕಟ್ಟಿ. ಅದನ್ನು ಎಸೆದು, ನೀರಿಗೆ ಬಿದ್ದಾಗಿನಿಂದ ದಾರ ಸಡಿಲವಾಗುವವರೆಗೆ ಒಂದು, ಎರಡು, ಮೂರು ಅಂತ ಎಣಿಸಿ. ನಾಲ್ಕಾರು ಕಡೆ ಹೀಗೆ ಎಣಿಸಿದರೆ ಯಾವುದು ಆಳ, ಯಾವುದು ತೆಳು ಅಂತ ಮನಸ್ಸಿನಲ್ಲಿ ಚಿತ್ರ ಬರುತ್ತದೆ, ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಆಮೇಲೆ ನಿಧಾನವಾಗಿ ತಳದ ಮೇಲೆ ಎಳೆದುಕೊಳ್ಳಿ. ಕಲ್ಲಿನ ತಳವಾದರೆ ರಾಡಿನ ತುದಿ ಟಕಟಕ ಅಂತ ಕುಟ್ಟಿದ ಹಾಗೆ ಅಲ್ಲಾಡುತ್ತದೆ. ಮರಳಾದರೆ ಸಲೀಸಾಗಿ ಜಾರಿ ಬರುತ್ತದೆ. ಕೆಸರಾದರೆ ಮೊದಲು ಹಿಡಿದ ಹಾಗಾಗಿ ಆಮೇಲೆ ಮೆತ್ತಗೆ ಬಿಡುತ್ತದೆ. ಜೊಂಡು, ಪಾಚಿ ಇದ್ದರೆ ರಬ್ಬರ್ ಎಳೆದ ಹಾಗೆ. ಕಲ್ಲು ಮುಗಿದು ಮರಳು ಶುರುವಾಗುವ ಅಂಚು, ಆಳ ಥಟ್ಟನೆ ಇಳಿಯುವ ಅಂಚು ಸಿಕ್ಕಿದರೆ ಅಲ್ಲೇ ಮೊದಲ ಗಾಳ. ಹೊಸ ನೀರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ದಡದಲ್ಲಿ ನಿಂತವರು ಇವನೇನು ಬರೀ ಸೀಸ ಎಸೆಯುತ್ತಿದ್ದಾನೆ ಅಂತ ನೋಡಬಹುದು, ನೋಡಲಿ.

ಇಡೀ ನದಿಯನ್ನು ಒಂದೇ ದಿನ ನೋಡುವ ಆಸೆ ಬಿಡಿ. 150, 200 ಮೀಟರ್ ಉದ್ದದ ಒಂದು ಭಾಗ ಸಾಕು. ಅಲ್ಲಿ ಹತ್ತಿರದಿಂದ ಶುರು ಮಾಡಿ, ದೂರಕ್ಕೆ ಆಮೇಲೆ ಎಸೆಯಿರಿ. ನಾವೆಲ್ಲ ಮಾಡುವ ತಪ್ಪು ಅಂದರೆ ಕಾಲ ಬುಡದಲ್ಲಿದ್ದ ಮೀನನ್ನು ಓಡಿಸಿ, ನಡು ನದಿಗೆ ಗಾಳ ಎಸೆಯುವುದು.

ಮೀನಿಗೆ ನಾವು ಹೇಗೆ ಕಾಣುತ್ತೇವೆ ಅನ್ನುವುದೂ ಗೊತ್ತಿರಲಿ. ನೀರಿನೊಳಗಿಂದ ಮೀನು ಹೊರಗಿನ ಲೋಕವನ್ನು ಒಂದು ದುಂಡು ಕಿಟಕಿಯ ಮೂಲಕ ನೋಡುತ್ತದೆ. ಒಂದು ಮೀಟರ್ ಆಳದಲ್ಲಿದ್ದ ಮೀನಿಗೆ ಆ ಕಿಟಕಿ ಸುಮಾರು ಎರಡೂಕಾಲು ಮೀಟರ್ ಅಗಲ. ಆಳ ಹೆಚ್ಚಿದಂತೆ ಕಿಟಕಿಯೂ ದೊಡ್ಡದಾಗುತ್ತದೆ. ದಡದ ಮೇಲಿನದೆಲ್ಲ ಅದರ ಅಂಚಿನಲ್ಲಿ ಕುಗ್ಗಿ ಕಾಣುತ್ತದೆ. ಬಗ್ಗಿ ಕೂತರೆ ನಾವು ಆ ಅಂಚಿನಲ್ಲಿ ಅಡಗುತ್ತೇವೆ, ನೆಟ್ಟಗೆ ನಿಂತರೆ ಎದ್ದು ಕಾಣುತ್ತೇವೆ. ಇನ್ನು ಹೆಜ್ಜೆ. ಮೀನಿನ ಮೈಯ ಎರಡೂ ಪಕ್ಕದಲ್ಲಿ ಅದುರುವಿಕೆಯನ್ನು ಹಿಡಿಯುವ ಒಂದು ಗೆರೆ ಇದೆ. ನಾವು ಮಾತಾಡುವ ಸದ್ದು ಗಾಳಿಯಿಂದ ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ, ಆದರೆ ದಡದ ಮೇಲೆ ಧಪಧಪ ನಡೆದದ್ದು ನೆಲದ ಮೂಲಕ ನೀರಿಗೆ ಹೋಗುತ್ತದೆ. ಮೆಲ್ಲಗೆ ಮಾತಾಡಿ, ಅದಕ್ಕಿಂತ ಮೆಲ್ಲಗೆ ನಡೆಯಿರಿ.

ಒಂದು ಜಾಗದಲ್ಲಿ 15, 20 ನಿಮಿಷ ಏನೂ ಆಗದಿದ್ದರೆ ಮೊದಲು ಆಳ ಬದಲಿಸಿ. ದಾರಕ್ಕೆ ಕಟ್ಟಿದ, ನೀರಿನ ಮೇಲೆ ತೇಲುವ ಬೆಂಡನ್ನು ಒಂದು ಗೇಣು ಮೇಲೆ ಕೆಳಗೆ ಸರಿಸಿ. ಆಮೇಲೆ ಜಾಗ ಬದಲಿಸಿ. ಎರೆ ಬದಲಿಸುವುದು ಕೊನೆಗೆ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಡಬ್ಬಿಯಲ್ಲಿರುವ ಎಲ್ಲಾ ಎರೆಯನ್ನೂ ಮೀನೇ ಇಲ್ಲದ ಕಡೆ ಹಾಕಿ ದಿನ ಕಳೆಯುತ್ತಾರೆ.

ಮನೆಯ ಅಭ್ಯಾಸ ಕೈ ಕೊಡುವ ಕಡೆ

ನಮ್ಮ ಹೊಳೆ ನಮ್ಮ ಕೈಗೆ ಒಂದು ತಾಳ ಹಿಡಿಸಿರುತ್ತದೆ. ಬೆಂಡು ಮುಳುಗಿದ ಕೂಡಲೇ ಎಳೆಯುವುದು, ಇಂತಿಷ್ಟೇ ತೂಕದ ಸೀಸ, ಇಂಥದ್ದೇ ದಪ್ಪದ ದಾರ. ಹೊಸ ನೀರಿನ ಹರಿವು ಬೇರೆ, ಮೀನು ಬೇರೆ, ಅದು ಎರೆ ತೆಗೆದುಕೊಳ್ಳುವ ರೀತಿಯೂ ಬೇರೆ. ಕಚ್ಚಿ ಕಚ್ಚಿ ಬಿಡುತ್ತಿದ್ದರೆ ಎಳೆಯುವ ಹೊತ್ತನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ನೋಡಿ. ಸೀಸ ಹರಿವಿಗೆ ಕೊಚ್ಚಿಹೋಗುತ್ತಿದ್ದರೆ ತೂಕ ಸಾಲದು. ಹಾಕಿದ ಕಡೆ ಅಲ್ಲಾಡದೆ ಕೂತು, ಎಳೆದಾಗಲೆಲ್ಲ ಕಲ್ಲಿಗೆ ಸಿಕ್ಕಿಕೊಳ್ಳುತ್ತಿದ್ದರೆ ತೂಕ ಜಾಸ್ತಿ. ಎರಡು ಮೂರು ತೂಕದ ಸೀಸ, ಬೇಕಾದ್ದಕ್ಕಿಂತ ಎರಡರಷ್ಟು ಗಾಳ ಒಯ್ಯಿರಿ. ಗೊತ್ತಿಲ್ಲದ ತಳ ಗಾಳ ತಿನ್ನುತ್ತದೆ. ಸಿಕ್ಕಿಕೊಂಡು ಹರಿದ ದಾರದಲ್ಲಿ ಎಳೆಯಲು ಬರುವಷ್ಟನ್ನೂ ಎಳೆದು ವಾಪಸ್ ತನ್ನಿ. ಹಕ್ಕಿಗಳ ಕಾಲಿಗೆ ಅದು ಉರುಳು.

ಜೀವ ಮೊದಲು

ಇಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಗೊತ್ತಿಲ್ಲದ ನದಿಯಲ್ಲಿ ಮೊಣಕಾಲಿಗಿಂತ ಮೇಲೆ ಬರುವ ಹರಿವ ನೀರಿಗೆ ಇಳಿಯಬೇಡಿ. ನೀರಿನ ವೇಗ ಎರಡರಷ್ಟಾದರೆ ಅದು ನಿಮ್ಮ ಕಾಲನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ದಡದಲ್ಲಿ ಎರಡು ಕಲ್ಲಿನ ನಡುವೆ 10 ಮೀಟರ್ ಅಳೆದು, ಎಲೆ ತೇಲಿ ಬಿಟ್ಟು ನೋಡಿ. 10 ಸೆಕೆಂಡಿಗೆ ಮೊದಲೇ ದಾಟಿದರೆ ಅದು ಸೆಕೆಂಡಿಗೆ ಒಂದು ಮೀಟರಿಗಿಂತ ವೇಗದ ನೀರು. ಅಂಥ ಕಡೆ ದಡವೇ ಸಾಕು. ನೀರಿಗೆ ಇಳಿಯಲೇಬೇಕಾದರೆ ಲೈಫ್ ಜಾಕೆಟ್ ಹಾಕಿ, ಕೈಯಲ್ಲಿ ಊರುಗೋಲು ಇರಲಿ, ಪ್ರತಿ ಹೆಜ್ಜೆಗೂ ಮೊದಲು ಅದರಿಂದ ತಳ ನೋಡಿ.

ಮೇಲೆ ಅಣೆಕಟ್ಟು ಇದ್ದರೆ ಮಳೆ ಇಲ್ಲದ ದಿನವೂ ನೀರು ಏರಬಹುದು. ನೀರಂಚಿಗೆ ಒಂದು ಕಡ್ಡಿ ನೆಟ್ಟು ಆಗಾಗ ನೋಡುತ್ತಿರಿ. ನೀರು ಇದ್ದಕ್ಕಿದ್ದಂತೆ ಕದಡಿದರೆ, ಎಲೆ ಕಡ್ಡಿ ಜಾಸ್ತಿ ತೇಲಿ ಬಂದರೆ, ಹರಿವಿನ ಸದ್ದು ಬದಲಾದರೆ ಸಾಮಾನು ಬಿಟ್ಟಾದರೂ ಮೇಲೆ ಹತ್ತಿ. ನಡುಗಡ್ಡೆಗೆ ಹೋಗಿ ಕೂರಲೇಬೇಡಿ. ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ನದಿಯ ಮೇಲೆ, ದಡದ ದಾರಿಯಲ್ಲಿ ಕರೆಂಟ್ ತಂತಿ ಹೋಗಿದ್ದರೆ ಅದರ ಹತ್ತಿರ ರಾಡು ಎತ್ತಬೇಡಿ. ಗುಡುಗು ಕೇಳಿದ ಕೂಡಲೇ ಮಡಚಿಡಿ.

ಮೀನು ಸಿಕ್ಕಾಗ, ಮತ್ತು ಹೊರಡುವಾಗ

ಹೊಸ ನದಿಯಲ್ಲಿ ಮೀನಿನ ಸ್ಥಿತಿ ಹೇಗಿದೆ, ಎಷ್ಟಿದೆ ಅಂತ ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ಮೊದಲ ಭೇಟಿಗಳಲ್ಲಿ ನಾನು ಹಿಡಿದದ್ದನ್ನೆಲ್ಲ ಬಿಡುತ್ತೇನೆ. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿರುವ ಚಿಕ್ಕ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿದರೆ ಬಿಡಿಸುವುದು ಸುಲಭ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣ ಕೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಕಿವಿರಿಗೆ ಬೆರಳು ಹಾಕಬೇಡಿ. ನೀರಿನಿಂದ ಹೊರಗೆ 10 ಸೆಕೆಂಡಿಗಿಂತ ಜಾಸ್ತಿ ಬೇಡ, ಫೋಟೋಗೂ ಅಷ್ಟೇ. ಬಿಡುವಾಗ ಮುಖ ಹರಿವಿಗೆ ಎದುರಾಗಿ ಹಿಡಿದು, ತಾನಾಗಿ ಬಾಲ ಬಡಿದು ಹೋಗುವವರೆಗೆ ಕಾಯಿರಿ.

ಒಂದು ನದಿಯಿಂದ ಇನ್ನೊಂದಕ್ಕೆ ಓಡಾಡುವವರಿಗೆ ಒಂದು ಹೊಣೆ ಇದೆ. ನಮ್ಮ ಬೂಟು, ಬಲೆ, ದಾರದ ಜೊತೆ ಕಣ್ಣಿಗೆ ಕಾಣದ ಜೀವಿಗಳೂ ಪ್ರಯಾಣ ಮಾಡುತ್ತವೆ. 2004ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಡಿಡಿಮೋ ಅನ್ನುವ ಪಾಚಿ ಕಾಣಿಸಿಕೊಂಡಿತು. ನದಿಯ ಕಲ್ಲುಗಳ ಮೇಲೆ ಒದ್ದೆ ಉಣ್ಣೆಯಂತೆ ದಪ್ಪಗೆ ಹಬ್ಬುವ ಪಾಚಿ ಅದು. ನೀರನ್ನು ಹಿಡಿದಿಟ್ಟುಕೊಳ್ಳುವ ಫೆಲ್ಟ್ (ಒತ್ತಿ ಮಾಡಿದ ಕಂಬಳಿಯಂಥ ದಪ್ಪ ಬಟ್ಟೆ) ಅಡಿಯ ಬೂಟುಗಳಿಂದಲೂ ಅದು ಹರಡಬಹುದು ಅಂತ 2008ರಲ್ಲಿ ಅಲ್ಲಿ ಗಾಳ ಹಾಕುವವರು ಅಂಥ ಬೂಟು ಬಳಸುವುದನ್ನೇ ನಿಷೇಧಿಸಲಾಯಿತು. ಟ್ರೌಟ್ ಮರಿಗಳನ್ನು ಗಿರಗಿರನೆ ಸುತ್ತುವಂತೆ ಮಾಡಿ ಕೊಲ್ಲುವ ಒಂದು ಪರಾವಲಂಬಿ ಯುರೋಪಿನಿಂದ ಅಮೆರಿಕಕ್ಕೆ ಹೋದದ್ದು 1950ರ ದಶಕದಲ್ಲಿ. ಅದರ ಬೀಜಕಣಗಳು ಕೆಸರಿನಲ್ಲಿ ಬಹಳ ಕಾಲ ಬದುಕಿರುತ್ತವೆ. ಆದ್ದರಿಂದ ಹೊರಡುವ ಮೊದಲು ಬೂಟಿನ ಕೆಸರು, ಬಲೆಯ ಪಾಚಿ ಅಲ್ಲೇ ತೆಗೆಯಿರಿ. ಮನೆಗೆ ಬಂದು ಸೋಪಿನ ನೀರಿನಲ್ಲಿ ತೊಳೆಯಿರಿ. ಒಳಗೂ ಹೊರಗೂ ಪೂರ್ತಿ ಒಣಗಿಸಿ, ಒಣಗಿದ ಮೇಲೆ ಇನ್ನೂ 48 ಗಂಟೆ ಬಿಡಿ. ಉಳಿದ ಜೀವಂತ ಎರೆಯನ್ನು ಯಾವ ನೀರಿಗೂ ಚೆಲ್ಲಬೇಡಿ. ನಾವು ಪ್ರೀತಿಸುವ ಹೊಳೆಗೆ ನಾವೇ ರೋಗ ತಂದುಕೊಟ್ಟರೆ ಅದಕ್ಕಿಂತ ದುಃಖ ಬೇರೆ ಇಲ್ಲ.

ಎರಡನೇ ಸಲ, ಮೂರನೇ ಸಲ

ಹೊಸ ನದಿಗೆ ಕಡಿಮೆ ಅಂದರೂ ಮೂರು ಸಲ ಹೋಗಿ, ಆಮೇಲೆ ತೀರ್ಮಾನಿಸಿ. ಮೂರೂ ಸಲ ಬೇರೆ ಬೇರೆ ಹೊತ್ತಿಗೆ, ಸಾಧ್ಯವಾದರೆ ಬೇರೆ ಬೇರೆ ನೀರಿನ ಮಟ್ಟದಲ್ಲಿ. ಎರಡನೇ ಸಲ ಅದೇ 200 ಮೀಟರಿಗೇ ಹೋಗಿ. ಮೊದಲ ಸಲ ಸೀಸ ಎಳೆದು ಬರೆದುಕೊಂಡ ಚಿತ್ರವನ್ನು ಕೈಯಲ್ಲಿಟ್ಟುಕೊಂಡು ನೋಡಿದರೆ ಅದೇ ನೀರು ಬೇರೆಯಾಗಿ ಕಾಣುತ್ತದೆ. ಮೂರನೇ ಸಲ ಒಂದು ಮಡು ಮುಂದಕ್ಕೆ ಹೋಗಿ. ಮೂರು ಸಲಕ್ಕೂ ಮೀನು ಸಿಗಲಿಲ್ಲವೆಂದು ನದಿಯನ್ನು ಬಿಡಬೇಕಾಗಿಲ್ಲ. ನಿಮ್ಮ ಪುಸ್ತಕದ 'ಯಾಕೆ' ಸಾಲಿನಲ್ಲಿ ಹೊಸದೇನೂ ಸೇರುತ್ತಿಲ್ಲ ಅನ್ನಿಸಿದರೆ ಮಾತ್ರ ಬೇರೆಯದನ್ನು ನೋಡಿ.

ಅಲ್ಲಿಂದ ಬಂದ ವಾರವೇ ನಿಮ್ಮ ಹೊಳೆಗೆ ಹೋಗಿ, ಹೊಸ ನದಿಯ ಪುಟ ತೆರೆದಿಟ್ಟುಕೊಂಡು. ನಮ್ಮ ಹೊಳೆಯ ನಡುವೆ ಒಂದು ದೊಡ್ಡ ಬಂಡೆ ಇದೆ. ವರ್ಷಗಟ್ಟಲೆ ನಾನು ಅದರ ಹಿಂದಿನ ನಿಧಾನದ ನೀರಿಗೇ ಗಾಳ ಬಿಡುತ್ತಿದ್ದೆ. ಬೇರೊಂದು ನದಿಯಲ್ಲಿ ಎತ್ತರದ ದಡದಿಂದ ನೋಡುವಾಗ, ಬಂಡೆಯ ಮುಂದೆ, ನೀರು ಬಡಿದು ತಡೆಯುವ ಜಾಗದಲ್ಲಿ ಮೂರು ಮೀನು ಸಾಲಾಗಿ ನಿಂತಿದ್ದವು. ಹಿಂದೆ ಒಂದೂ ಇರಲಿಲ್ಲ. ವಾಪಸ್ ಬಂದು ನಮ್ಮ ಬಂಡೆಯ ಮುಂದೆ, ಸ್ವಲ್ಪ ಮೇಲಿನಿಂದ ಎರೆ ತೇಲಿ ಬರುವ ಹಾಗೆ ಬಿಟ್ಟೆ. ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಸೀಸದ ತೂಕ ಅರ್ಧ ಮಾಡಿದೆ, ಮಧ್ಯಾಹ್ನದೊಳಗೆ ಬೆಂಡು ಎರಡು ಸಲ ಮುಳುಗಿತು. ಈಗ ಪುಸ್ತಕದಲ್ಲಿ ಆ ಬಂಡೆಯ ಚಿತ್ರದ ಮುಂದೆಯೂ ಒಂದು ಗುರುತು ಇದೆ. ಮಳೆಗಾಲದ ನೀರಿನಲ್ಲಿ ಅಲ್ಲಿ ಮೀನು ನಿಲ್ಲುತ್ತದೋ ಇಲ್ಲವೋ, ಆ ಸಾಲು ಇನ್ನೂ ಖಾಲಿ ಇದೆ.